ದೀಪ ಹಚ್ಚುವ ಹೊತ್ತು

ರಾಯಚೂರು ಸೀಮೆಯ ಚರಿತ್ರೆಯೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಕೋಟೆ. ಕೃಷ್ಣೆ ತುಂಗಭದ್ರೆಯರ ನಡುವಣ ಈ ಎಡೆದೊರೆ ನಾಡಿಗಾಗಿ ಎಷ್ಟು ರಾಜಮನೆತನಗಳು ಕಾದಾಡಿದುವೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಕ್ರಿ.ಶ. 1294ರಲ್ಲಿ ಗೋರೆ ಗಂಗಯ್ಯ ರೆಡ್ಡಿ ಕಟ್ಟಿಸಿದ ರಾಯಚೂರು ಕೋಟೆಯ ಗೋಡೆಯಲ್ಲಿ 40 ಅಡಿಗೂ ಮಿಕ್ಕ ಉದ್ದದ ಒಂದೇ ಕಲ್ಲುಚಪ್ಪಡಿಯಿದೆ. ಅದರ ಮೇಲೆ ಶಾಸನವಿದೆ. ಅಂಥ ಕಲ್ಲನ್ನು ಬಂಡಿಯ ಮೇಲೆ ಹೇರಿ ಎತ್ತುಗಳ ಸಾಲು ಎಳೆದು ತಂದ ಬಗೆಯನ್ನು ತೋರಿಸುವ ಚಿತ್ರವನ್ನೂ ಅಲ್ಲಿ ಕೊರೆದಿದ್ದಾರೆ. ಕಟ್ಟಿಸಿದವನ ಹೆಸರು ಉಳಿಯಿತು. ಎಳೆದ ಎತ್ತಿನ ಚಿತ್ರವೂ ಉಳಿಯಿತು. ಆದರೆ ಕಲ್ಲು ಹೊತ್ತವನು, ದಿನದ ದುಡಿಮೆ ಮುಗಿದ ಮೇಲೆ ತನ್ನ ಗುಡಿಸಲಲ್ಲಿ ದೀಪ ಹಚ್ಚುವ ಹೊತ್ತಿಗೆ ಏನನ್ನು ನೆನೆದ, ಯಾರನ್ನು ಕರೆದ ಎಂಬುದನ್ನು ಯಾವ ಕಲ್ಲೂ ಹೇಳುವುದಿಲ್ಲ.

ಚರಿತ್ರಕಾರನಿಗೆ ಎಲ್ಲಕ್ಕಿಂತ ಕಷ್ಟಸಾಧ್ಯವಾದ ವಸ್ತು ಪ್ರಾರ್ಥನೆ. ಅದು ಗಾಳಿಯಲ್ಲಿ ಹುಟ್ಟಿ ಗಾಳಿಯಲ್ಲಿ ಕರಗುತ್ತದೆ. ಆದರೂ ನಿತ್ಯವೂ ತಪ್ಪದೆ ಒಂದೇ ಹೊತ್ತಿಗೆ ಆಡಿದ ಮಾತು, ಹರಿವ ನೀರು ಕಲ್ಲನ್ನು ಸವೆಸುವಂತೆ, ಬಾಳಿನ ಮೇಲೆ ತನ್ನ ಗುರುತನ್ನು ಬಿಡದೆ ಹೋಗುವುದಿಲ್ಲ. ಈ ಸೀಮೆಯ ಕ್ರೈಸ್ತ ಸಮುದಾಯದ ಕತೆಯಲ್ಲಿ ಆ ಗುರುತನ್ನು ಹುಡುಕುವುದು ಇಂದಿನ ಮಾತಿನ ಉದ್ದೇಶ.

ಕತೆಯ ಆರಂಭ ಪ್ರಾರ್ಥನೆಯಿಂದಲ್ಲ, ಕೋವಿಯಿಂದ. 1520ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲ್ ಶಾಹನಿಂದ ರಾಯಚೂರನ್ನು ಗೆದ್ದುಕೊಂಡಾಗ ಕ್ರಿಸ್ತೊವಾವ್ ದ ಫಿಗೈರೆದೊ ಎಂಬವನೂ ಅವನ ಜೊತೆಗಾರರಾದ ಕೆಲವು ಪೋರ್ಚುಗೀಸರೂ ರಾಯನ ಪರವಾಗಿ ಕೋಟೆಯ ಮೇಲೆ ಕೋವಿ ಹಾರಿಸಿದರು. ನೂನಿಜನ ಬರವಣಿಗೆಯಲ್ಲಿ ಈ ಪ್ರಸಂಗ ವಿವರವಾಗಿ ಬಂದಿದೆ. ಹೀಗೆ ಪಡುವಣ ಕ್ರೈಸ್ತರ ಪರಿಚಯ ಈ ನಾಡಿಗೆ ಮೊದಲು ಆದದ್ದು ಮದ್ದಿನ ವಾಸನೆಯೊಂದಿಗೆ. ಆದರೆ ಅದೇ ಶತಮಾನ ಮುಗಿಯುವ ಮೊದಲೇ ಗೋವೆಯಿಂದ ಬೇರೆ ಬಗೆಯ ಜನ ಬಂದರು. ಅವರ ಕೈಯಲ್ಲಿ ಕೋವಿಯಿರಲಿಲ್ಲ, ಜಪಸರವಿತ್ತು. ಬಿಜಾಪುರದ ಗದ್ದುಗೆಯಲ್ಲಿ ಆಗ ಇದ್ದವನು ಮೊದಲನೆಯ ಅಲಿ ಆದಿಲ್ ಶಾಹ. ಪರಮತಗಳ ವಿಷಯದಲ್ಲಿ ಕುತೂಹಲವಿದ್ದ ಅರಸನೆಂದು ಹೆಸರಾದವನು. ಆ ಕಾಲದಲ್ಲಿ ಮುದಗಲ್ಲಿನಲ್ಲಿ ಬೇರೂರಿದ ಕಥೋಲಿಕ ಸಮುದಾಯ ಇಂದಿಗೂ ಅಲ್ಲಿದೆ. ರಾಯಚೂರಿನಿಂದ ಲಿಂಗಸುಗೂರಿನತ್ತ ಹೋಗಿ, ಇನ್ನೂ ಮುಂದೆ ನಡೆದರೆ ಸಿಗುವ ಕೋಟೆಯೂರು ಅದು. 1565ರ ತಾಳಿಕೋಟೆಯ ಕದನಕ್ಕೂ ಮೊದಲು ಮತ್ತು ಅನಂತರ ಹಲವು ಸೈನ್ಯಗಳು ಅದರ ಬಾಗಿಲಲ್ಲಿ ಹಾದುಹೋದುವು. ಸೈನ್ಯಗಳು ಹೋದುವು, ಆ ಪುಟ್ಟ ಸಮುದಾಯ ಉಳಿಯಿತು.

ಹೇಗೆ ಉಳಿಯಿತು? ಇದೇ ನಿಜವಾದ ಪ್ರಶ್ನೆ. ಗೋವೆ ಹತ್ತಿರದ ಊರಲ್ಲ. ನಡುವೆ ಘಟ್ಟವಿದೆ, ಹೊಳೆಗಳಿವೆ, ಯುದ್ಧಗಳಿವೆ. ಪಾದ್ರಿಗಳ ಬರವು ಮಳೆಯ ಹಾಗೆ, ಬಂದರೆ ಬಂತು, ಇಲ್ಲವಾದರೆ ಇಲ್ಲ. 1759ರಲ್ಲಿ ಪೋರ್ಚುಗಲ್ಲಿನ ಆಳ್ವಿಕೆ ತನ್ನ ನೆಲದಿಂದ ಜೆಸ್ವಿತರನ್ನು ಹೊರಗಟ್ಟಿತು. 1773ರಲ್ಲಿ ಪೋಪರೇ ಆ ಸಂಘವನ್ನು ರದ್ದುಮಾಡಿದರು. 1814ರವರೆಗೆ ಅದಕ್ಕೆ ಮರುಹುಟ್ಟು ಇರಲಿಲ್ಲ. ದೂರದ ಯೂರೋಪಿನ ಅರಮನೆಗಳ ಈ ನಿರ್ಣಯಗಳಿಂದ ಕನ್ನಡ ನಾಡಿನ ಒಳಭಾಗದ ಎಷ್ಟೋ ಸಭೆಗಳು ಗುರುವಿಲ್ಲದೆ ಬಡವಾದುವು. ಕಥೋಲಿಕ ಧರ್ಮದಲ್ಲಿ ಗುರುವಿಲ್ಲದೆ ಬಲಿಪೂಜೆ ಇಲ್ಲ, ಪಾಪನಿವೇದನೆ ಇಲ್ಲ. ಹಾಗಾದರೆ ಉಳಿಯುವುದೇನು? ಉಳಿಯುವುದು ಮನೆಯ ಪ್ರಾರ್ಥನೆಯೊಂದೇ.

ಈ ಮಾತಿಗೆ ನಮಗೊಬ್ಬ ಸಾಕ್ಷಿ ಇದ್ದಾರೆ. ಸುರಪುರದ ಕತೆಯಿಂದ ಕನ್ನಡಿಗರಿಗೆ ಪರಿಚಿತರಾದ ಮೆಡೋಸ್ ಟೇಲರ್ ಸಾಹೇಬರು. 1853ರಿಂದ 1860ರವರೆಗೆ ರಾಯಚೂರು ದೋಆಬು ನಿಜಾಮರಿಂದ ಇಂಗ್ಲಿಷರ ವಶಕ್ಕೆ ಬಂದಿತ್ತು. ಅದರ ಕೊನೆಯ ವರ್ಷಗಳಲ್ಲಿ ಟೇಲರರು ಇಲ್ಲಿ ಅಧಿಕಾರಿಯಾಗಿದ್ದರು. ಮುದಗಲ್ಲಿನ ಕ್ರೈಸ್ತರನ್ನು ಅವರು ಕುತೂಹಲದಿಂದಲೂ ಗೌರವದಿಂದಲೂ ಕಂಡರು. ಆದಿಲ್‌ಶಾಹಿ ಅರಸರ ಕಾಲದ ದತ್ತಿಗಳು ಅವರಿಗಿದ್ದುದನ್ನೂ, ಪ್ರಾರ್ಥನೆ ಉಪದೇಶಗಳ ಪಠ್ಯಗಳು ಕನ್ನಡದಲ್ಲಿಯೇ ಅವರ ಬಳಿ ಇದ್ದುದನ್ನೂ ಅವರು ಬರೆದಿಟ್ಟರು. ಸಾಹಿತ್ಯಾಸಕ್ತರು ಈ ಎರಡನೆಯ ಸಂಗತಿಯ ಬಳಿ ಒಂದು ಗಳಿಗೆ ನಿಲ್ಲಬೇಕು. ಕಥೋಲಿಕ ಸಭೆ ಜಗತ್ತಿನಾದ್ಯಂತ ತನ್ನ ಪೂಜೆಯನ್ನು ಲ್ಯಾಟಿನ್ನಿನಲ್ಲಿ ನಡೆಸುತ್ತಿದ್ದ ಕಾಲವದು. ಪೂಜಾಪೀಠ ಜನರ ಭಾಷೆಯನ್ನಾಡಲು ಅನುಮತಿ ದೊರೆತದ್ದು ಎರಡನೆಯ ವ್ಯಾಟಿಕನ್ ಮಹಾಸಭೆಯ 1963ರ ನಿರ್ಣಯದ ಅನಂತರ. ಅದಕ್ಕೆ ನೂರು ವರ್ಷಕ್ಕೂ ಹಿಂದೆಯೇ ಮುದಗಲ್ಲಿನ ಮನೆಯಂಗಳ ಕನ್ನಡದಲ್ಲಿ ದೇವರೊಡನೆ ಮಾತಾಡುತ್ತಿತ್ತು. ರೋಮಿನ ದೊಡ್ಡ ಬಾಗಿಲಿಗಿಂತ ಗುಡಿಸಲಿನ ಸಣ್ಣ ಬಾಗಿಲು ಮೊದಲು ತೆರೆಯಿತು.

ನಿಯಮಬದ್ಧವಾದ ಪ್ರಾರ್ಥನೆ ಕ್ರೈಸ್ತ ಧರ್ಮದಷ್ಟೇ ಹಳೆಯದು. ಮೊದಲ ಶತಮಾನಗಳ 'ದಿದಖೆ' ಎಂಬ ಪುಟ್ಟ ಬೋಧನ ಗ್ರಂಥ, ಯೇಸು ಕಲಿಸಿದ ಪ್ರಾರ್ಥನೆಯನ್ನು ದಿನಕ್ಕೆ ಮೂರು ಬಾರಿ ಹೇಳಬೇಕೆಂದು ವಿಧಿಸುತ್ತದೆ. 6ನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ಮಠವಾಸಿಗಳ ದಿನವನ್ನು ಪ್ರಾರ್ಥನೆಯ ಗಳಿಗೆಗಳಾಗಿ ಹಂಚಿದರು. ಓದಬಲ್ಲ ಮಠವಾಸಿಗಳು ಬೈಬಲಿನ 150 ಕೀರ್ತನೆಗಳನ್ನು ಸರದಿಯಂತೆ ಪಠಿಸಿದರು. ಓದಲಾರದ ಒಕ್ಕಲಿಗ ಏನು ಮಾಡಬೇಕು? ಅವನಿಗಾಗಿ 150 ಕೀರ್ತನೆಗಳ ಸ್ಥಾನದಲ್ಲಿ 150 ಸಲ ಮರಿಯಮ್ಮನವರ ನಮನ ಬಂತು. ಹತ್ತರಂತೆ ಮಣಿ ಪೋಣಿಸಿ, ಐದು ಹತ್ತುಗಳಿಗೆ ಒಂದು ಸುತ್ತು, ಮೂರು ಸುತ್ತಿಗೆ 150. ಜಪಸರದ ಲೆಕ್ಕ ಇದು. ಅಕ್ಷರವಿಲ್ಲದವನ ಕೈಗೆ ಕೊಟ್ಟ ಗ್ರಂಥ ಅದು. ಪುಟ ತಿರುವುವ ಬದಲು ಮಣಿ ಸರಿಸುವುದು. ಇದು ಕನ್ನಡ ನಾಡಿನ ಜನಕ್ಕೆ ಹೊಸದಾಗಿ ಕಂಡಿರಲಾರದು. ಜಪಮಣಿಯ ಬಳಕೆ ಅವರ ಹಿಂದೂ ಮುಸಲ್ಮಾನ ನೆರೆಯವರ ಮನೆಗಳಲ್ಲಿಯೂ ಇತ್ತಷ್ಟೆ.

ಈ ನೆಲದ ಸಿದ್ಧತೆಯನ್ನೂ ನಾವು ನೆನೆಯಬೇಕು. ಮಾನ್ವಿ, ದೇವದುರ್ಗಗಳ ಹೆಸರು ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿ ಬರುವುದು ದಾಸರಿಂದ. ವಿಜಯದಾಸರು ಹುಟ್ಟಿದ್ದು ಮಾನ್ವಿ ಸೀಮೆಯ ಚೀಕಲಪರವಿಯಲ್ಲಿ. ಗೋಪಾಲದಾಸರದು ದೇವದುರ್ಗದ ಕಡೆಯ ಮೊಸರಕಲ್ಲು. 'ಹರಿಕಥಾಮೃತಸಾರ'ದ ಜಗನ್ನಾಥದಾಸರು ನೆಲೆಸಿದ್ದು ಮಾನ್ವಿಯಲ್ಲೇ. 18ನೆಯ ಶತಮಾನದಲ್ಲಿ ಈ ಮಹನೀಯರು ಮಾಡಿದ ದೊಡ್ಡ ಕೆಲಸವೆಂದರೆ ದೇವರ ನೆನಪನ್ನು ದಿನಚರಿಗೆ ಹೆಣೆದದ್ದು, ಅದೂ ಕನ್ನಡದ ಹಾಡಿನಲ್ಲಿ. ದಾಸರ ತತ್ತ್ವ ಬೇರೆ, ಕ್ರೈಸ್ತರ ತತ್ತ್ವ ಬೇರೆ. ಎರಡನ್ನೂ ಕಲಸಿ ಒಂದೆನ್ನುವುದು ಎರಡಕ್ಕೂ ಅನ್ಯಾಯ. ಆದರೆ ಬೆಳಗು ಬೈಗುಗಳಲ್ಲಿ ತಾಯ್ನುಡಿಯಲ್ಲಿ ನಾಮಸ್ಮರಣೆ ನಡೆಯಬೇಕೆಂಬ ಭಾವ ಈ ಎಡೆದೊರೆಯ ಗಾಳಿಯಲ್ಲಿಯೇ ಇತ್ತೆನ್ನಬಹುದು. ಮಂಗಳೂರಿನ ಬಾಸೆಲ್ ಮಿಷನ್ನಿನ ಹೆರ್ಮನ್ ಮೊಗ್ಲಿಂಗರು ಕ್ರೈಸ್ತ ಗೀತೆಗಳನ್ನು ಅಚ್ಚಿಸಿದ ಕೈಯಿಂದಲೇ 1850ರ ಸುಮಾರಿಗೆ ದಾಸರ ಪದಗಳನ್ನೂ ಸಂಗ್ರಹಿಸಿ ಅಚ್ಚುಮಾಡಿಸಿದರು. ಹಾಡಿ ಪ್ರಾರ್ಥಿಸುವ ಜನ ಇವರೆಂಬುದನ್ನು ಆ ಜರ್ಮನ್ ಪಾದ್ರಿಗಳು ಚೆನ್ನಾಗಿ ಅರಿತಿದ್ದರು.

ಎರಡನೆಯ ಪ್ರವಾಹ ಬಂದದ್ದು 19ನೆಯ ಶತಮಾನದಲ್ಲಿ. ತುಂಗಭದ್ರೆಯ ಆಚೆಯ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸರು 1810ರಿಂದ ನೆಲೆಸಿ ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿದರು. ಇಡೀ ಗ್ರಂಥ 1831ರಲ್ಲಿ ಅಚ್ಚಾಗಿ ಮುಗಿಯಿತು. ಅನಂತರ ಹೈದರಾಬಾದು ಸಂಸ್ಥಾನದ ಕನ್ನಡ ಜಿಲ್ಲೆಗಳಲ್ಲಿ ಅಮೆರಿಕದ ಮೆಥಡಿಸ್ಟ್ ಮಿಷನ್ ಕೆಲಸ ಆರಂಭಿಸಿತು. ರಾಯಚೂರು ನಗರದಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ಇಂದು ಕಾಣುವ ಪ್ರೊಟೆಸ್ಟಂಟ್ ಸಭೆಗಳಲ್ಲಿ ಹೆಚ್ಚಿನವು ಆ ಪರಂಪರೆಯವು.

'ಮೆಥಡಿಸ್ಟ್' ಎಂಬ ಹೆಸರಿನಲ್ಲಿಯೇ ನಮ್ಮ ವಿಷಯ ಅಡಗಿದೆ. 1729ರಲ್ಲಿ ಆಕ್ಸ್‌ಫರ್ಡಿನಲ್ಲಿ ಜಾನ್ ವೆಸ್ಲಿ, ಅವನ ತಮ್ಮ ಚಾರ್ಲ್ಸ್ ಮತ್ತು ಕೆಲವು ಗೆಳೆಯರು ಹೊತ್ತುಗೊತ್ತಿಗೆ ಪ್ರಾರ್ಥಿಸುತ್ತ, ಓದುತ್ತ, ಸೆರೆಮನೆಯವರನ್ನು ಕಂಡುಬರುತ್ತ ಕ್ರಮವಾಗಿ ಬಾಳುವುದನ್ನು ಕಂಡು ಇತರ ವಿದ್ಯಾರ್ಥಿಗಳು ನಗೆಯಾಡಿ ಇಟ್ಟ ಅಡ್ಡಹೆಸರು ಅದು: ಕ್ರಮದವರು, ಪದ್ಧತಿಯವರು ಎಂದರ್ಥ. 1742ರಲ್ಲಿ ಬ್ರಿಸ್ಟಲ್ಲಿನ ಪ್ರಾರ್ಥನಾ ಮಂದಿರದ ಮೇಲೆ ಸಾಲವಿತ್ತು. ತೀರಿಸಲೆಂದು ಹನ್ನೆರಡು ಜನರ ಗುಂಪು ಮಾಡಿ, ವಾರಕ್ಕೊಂದು ಪೆನ್ನಿಯಂತೆ ಎತ್ತಲು ಒಬ್ಬ ಮುಂದಾಳನ್ನು ನೇಮಿಸಿದರು. ಆ ಮುಂದಾಳು ಪೆನ್ನಿಗೆಂದು ಮನೆಮನೆಗೆ ಹೋದಾಗ, ಯಾರ ಮನೆಯಲ್ಲಿ ಜಗಳ, ಯಾರಲ್ಲಿ ಕುಡಿತ, ಯಾರಲ್ಲಿ ದುಃಖ ಎಂಬುದು ಅವನ ಕಣ್ಣಿಗೆ ಬಿತ್ತು. ಸಾಲ ತೀರಿಸುವ ಏರ್ಪಾಡು ಆತ್ಮದ ಯೋಗಕ್ಷೇಮ ವಿಚಾರಿಸುವ ಏರ್ಪಾಡಾಯಿತು. ಒಬ್ಬನೇ ಮಾಡುವ ಪ್ರಾರ್ಥನೆಗೆ ನೆರೆಯವರ ಕಣ್ಗಾವಲೂ ಕರುಣೆಯೂ ಜೊತೆಯಾದುವು.

ಈಗ ದೇವದುರ್ಗ ಅಥವಾ ಮಾನ್ವಿ ಸೀಮೆಯ ಒಂದು ಕೂಲಿಕಾರ ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ಊರ ಹೊರಗಿನ ಕೇರಿ. ಗುಡಿಯ ಬಾಗಿಲಾಗಲಿ ಅಕ್ಷರದ ಬಾಗಿಲಾಗಲಿ ತಲೆಮಾರುಗಳ ಕಾಲ ಅವರಿಗೆ ತೆರೆದಿರಲಿಲ್ಲ. ಅಂಥ ಮನೆಯಲ್ಲಿ ದೀಪ ಹಚ್ಚಿದೊಡನೆ ಗಂಡ, ಹೆಂಡತಿ, ಮಕ್ಕಳು ಒಟ್ಟಿಗೆ ಕುಳಿತು ನಾಲ್ಕು ಮಾತು ಪ್ರಾರ್ಥಿಸುವ ರೂಢಿ ಬಂತೆಂದರೆ ಅಲ್ಲಿ ಏನೇನು ಬದಲಾಗುತ್ತದೆ?

ಮೊದಲನೆಯದು ಹೊತ್ತು. ಕೂಲಿಯವನ ದಿನವೆಲ್ಲ ಪರರದು. ಒಡೆಯ ಕರೆದಾಗ ಏಳಬೇಕು, ಬಿಟ್ಟಾಗ ಬರಬೇಕು. ಪ್ರಾರ್ಥನೆಯ ಅರ್ಧ ಗಳಿಗೆ ಮಾತ್ರ ಅವನದೇ. ಆ ಹೊತ್ತಿಗೆ ಮನೆಯಲ್ಲಿರಬೇಕು, ಎಚ್ಚರದಲ್ಲಿರಬೇಕು. ಸೇಂದಿಯಂಗಡಿಗೂ ಪ್ರಾರ್ಥನೆಗೂ ಗೊತ್ತಾದ ವೇಳೆ ಒಂದೇ, ಸಂಜೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು. ಕುಡಿತ ಬಿಟ್ಟವರ ಕತೆಗಳ ಹಿಂದೆ ಎಷ್ಟೋ ವೇಳೆ ಇರುವುದು ಮಹಾ ಪವಾಡವಲ್ಲ, ಈ ಸರಳವಾದ ವೇಳಾಪಟ್ಟಿ.

ಎರಡನೆಯದು ನಾಲಗೆ. ಬಯಲಲ್ಲಿ 'ಹೂಂ ಧಣಿ' ಎನ್ನುವುದಕ್ಕಷ್ಟೇ ಬಾಯಿ ತೆರೆದವನು ಇಲ್ಲಿ ವಾಕ್ಯ ಕಟ್ಟಬೇಕು, ಕೃತಜ್ಞತೆ ಹೇಳಬೇಕು, ಬೇಡಬೇಕು, ಇತರರ ಹೆಸರು ಹಿಡಿದು ಹರಸಬೇಕು. ಹೆಣ್ಣುಮಕ್ಕಳ ಸರದಿಯೂ ಬರುತ್ತದೆ. ಸ್ವರ ನಡುಗುತ್ತದೆ, ಆಮೇಲೆ ನಿಲ್ಲುತ್ತದೆ. ಹಾಡು ಬಾಯಿಪಾಠವಾದ ಮೇಲೆ ಹಾಡಿನ ಪುಸ್ತಕದಲ್ಲಿ ಅದೇ ಸಾಲಿಗೆ ಬೆರಳಿಟ್ಟು ಅಕ್ಷರ ಗುರುತಿಸುವುದು ಮುಂದಿನ ಹೆಜ್ಜೆ. 2011ರ ಜನಗಣತಿಯಲ್ಲಿಯೂ 100ಕ್ಕೆ 60ನ್ನು ಮುಟ್ಟದಷ್ಟು ಸಾಕ್ಷರತೆಯಿದ್ದ ಜಿಲ್ಲೆ ರಾಯಚೂರು. ಇಂಥಲ್ಲಿ ಪ್ರಾರ್ಥನೆಯೇ ಅನೇಕರ ಮೊದಲ ಪಾಠಶಾಲೆಯಾಗಬಲ್ಲದು.

ಮೂರನೆಯದು ಲೆಕ್ಕ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ಎರಡು ಬೇಡಿಕೆಗಳಿವೆ: ಇಂದಿನ ಅನ್ನ ಇಂದು ದೊರೆಯಲಿ ಎಂಬುದೊಂದು, ನಾವು ಇತರರನ್ನು ಮನ್ನಿಸಿದಂತೆ ನಮ್ಮನ್ನೂ ಮನ್ನಿಸು ಎಂಬ ಭಾವದ್ದು ಇನ್ನೊಂದು. ಮತ್ತಾಯನ ಸುವಾರ್ತೆಯ ಗ್ರೀಕ್ ಮೂಲದಲ್ಲಿ ಈ ಎರಡನೆಯದರಲ್ಲಿರುವ ಪದ 'ಸಾಲ' ಎಂಬರ್ಥದ್ದು. ಪಟ್ಟಣದ ವಿದ್ಯಾವಂತನಿಗೆ ಅದು ರೂಪಕ. ಆದರೆ ಜೀತದ ನಾಡಿನಲ್ಲಿ ಅದು ರೂಪಕವೇ? ಅಜ್ಜನ ಸಾಲಕ್ಕೆ ಮೊಮ್ಮಗ ದುಡಿದ ನೆಲ ಇದು. ಜೀತಪದ್ಧತಿಯನ್ನು ಕಾನೂನು ರದ್ದುಮಾಡಿದ್ದು 1976ರಲ್ಲಿ. ಸಾಲವನ್ನು ಮನ್ನಿಸುವ ಒಬ್ಬ ಒಡೆಯನಿದ್ದಾನೆಂದು ನಿತ್ಯವೂ ಹೇಳುವವನ ಮನಸ್ಸಿನಲ್ಲಿ, ಮನ್ನಿಸಲಾರದ ಒಡೆಯ ಕೊನೆಯ ಒಡೆಯನಲ್ಲ ಎಂಬ ಅರಿವು ಮೆಲ್ಲಗೆ ಮೂಡುತ್ತದೆ. ಜೊತೆಗೆ ಅದು ಅವನ ಮೇಲೂ ಹೊರೆ ಹೊರಿಸುತ್ತದೆ. ತಮ್ಮನೊಡನೆ ಬದುವಿನ ಜಗಳ ಇಟ್ಟುಕೊಂಡು ಆ ಮಾತನ್ನು ಹೇಳುವುದು ಸುಲಭವಲ್ಲ. ಇಂದು ನುಂಗಿದ ಮಾತು ನಾಳೆ ಸಂಜೆ ಮತ್ತೆ ಎದುರು ನಿಲ್ಲುತ್ತದೆ. ನಿತ್ಯಪ್ರಾರ್ಥನೆಯ ಬಲ ಇಲ್ಲಿದೆ. ಒಂದು ದಿನದ ಭಾವಾವೇಶದಿಂದ ತಪ್ಪಿಸಿಕೊಳ್ಳಬಹುದು. ದಿನವೂ ಬಂದು ಬಾಗಿಲು ತಟ್ಟುವ ಮಾತಿನಿಂದ ತಪ್ಪಿಸಿಕೊಳ್ಳಲಾಗದು.

ಹಾಗೆಂದು ಉತ್ಪ್ರೇಕ್ಷೆ ಮಾಡುವುದು ಚರಿತ್ರೆಗೆ ಸಲ್ಲದು. ಪ್ರಾರ್ಥನೆ ಕೂಲಿಯನ್ನು ಹೆಚ್ಚಿಸಲಿಲ್ಲ, ಭೂಮಿಯನ್ನು ಕೊಡಲಿಲ್ಲ. 1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಎಡದಂಡೆಯ ಕಾಲುವೆಗೆ ಹರಿದ ಮೇಲೆ ಮಾನ್ವಿಯ ಹೊಲಗಳು ಗದ್ದೆಗಳಾದುವು. ಆದರೆ ಗದ್ದೆ ಯಾರದೆಂಬ ಪ್ರಶ್ನೆಗೆ ಕಾಲುವೆಯೂ ಉತ್ತರ ಕೊಡಲಿಲ್ಲ, ಪ್ರಾರ್ಥನೆಯೂ ಕೊಡಲಿಲ್ಲ. ಇನ್ನೊಂದು ತೊಡಕು ಕಾನೂನಿನದು. 1950ರ ರಾಷ್ಟ್ರಪತಿಗಳ ಆದೇಶದಂತೆ ಪರಿಶಿಷ್ಟ ಜಾತಿಯ ಮನ್ನಣೆ ಹಿಂದೂಗಳಿಗೆ ಇತ್ತು; 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಿತು; ಕ್ರೈಸ್ತರು ಆ ಪಟ್ಟಿಯ ಹೊರಗೇ ಉಳಿದರು. ಕೇರಿಯ ಅವಮಾನ ಹಾಗೆಯೇ ಇರುವಾಗ ಮಕ್ಕಳ ಓದಿನ ಸವಲತ್ತನ್ನು ಬಿಡಲಾರದವನು ಏನು ಮಾಡಬೇಕು? ಸಂಜೆಯ ಪ್ರಾರ್ಥನೆಯಲ್ಲಿ ಒಂದು ಹೆಸರು, ಕಚೇರಿಯ ಕಾಗದದಲ್ಲಿ ಇನ್ನೊಂದು ಹೆಸರು ಎಂಬ ಇಬ್ಬಂದಿ ಅವನದಾಗುತ್ತದೆ. ಸತ್ಯವನ್ನೇ ನುಡಿಯಬೇಕೆಂದು ಕಲಿಸುವ ಪ್ರಾರ್ಥನೆ ಆ ಗಾಯವನ್ನು ಮಾಯಿಸುವ ಬದಲು ಇನ್ನಷ್ಟು ಹಸಿಯಾಗಿ ಇಡುವುದೂ ಉಂಟು. ದೂರದಿಂದ ತೀರ್ಪು ಕೊಡುವ ನಾವು ಆ ಸಂಕಟದ ತೂಕವನ್ನು ಅರಿಯಬೇಕು.

ಪ್ರಾರ್ಥನೆ ಬರಿಯ ರೂಢಿಯಾಗಿ ಒಣಗುವ ಅಪಾಯವೂ ಇದೆ. ಬೀದಿಯ ಮೂಲೆಯಲ್ಲಿ ಜನ ನೋಡಲೆಂದು ಪ್ರಾರ್ಥಿಸುವವರನ್ನು ಯೇಸುವೇ ಟೀಕಿಸಿದ್ದನ್ನು ಸುವಾರ್ತೆ ಹೇಳುತ್ತದೆ. ಡಂಭದ ಭಕ್ತಿಯನ್ನು ನಮ್ಮ ಶರಣರೂ ದಾಸರೂ ಬಯಲಿಗೆಳೆದರು. 1933ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಅಮೆರಿಕದ ಮೆಥಡಿಸ್ಟ್ ಪಾದ್ರಿ ವಾಸ್ಕಮ್ ಪಿಕೆಟ್ಟರು ಭಾರತದ ಹಳ್ಳಿಗಳಲ್ಲಿ ಗುಂಪಾಗಿ ಕ್ರೈಸ್ತರಾದವರ ಬಾಳನ್ನು ಪರಿಶೀಲಿಸಿದರು. ಯಾವ ಕಾರಣಕ್ಕೆ ಬಂದರು ಎಂಬುದಕ್ಕಿಂತ, ಬಂದ ಮೇಲೆ ಅವರಿಗೆ ದೊರೆತ ಶಿಕ್ಷಣ ಆರಾಧನೆಗಳ ಕ್ರಮವೇ ಅವರ ಮುಂದಿನ ಬಾಳನ್ನು ಹೆಚ್ಚು ರೂಪಿಸಿತೆಂಬುದು ಅವರ ನಿಲುವು. ಆರಂಭದ ಗಳಿಗೆಗಿಂತ ಅನಂತರದ ಸಾವಿರ ಸಂಜೆಗಳು ದೊಡ್ಡವು ಎಂದು ನಾವು ಅದನ್ನು ನಮ್ಮ ಮಾತಿನಲ್ಲಿ ಹೇಳಿಕೊಳ್ಳಬಹುದು.

ಈ ಸೀಮೆಗೆ ಪ್ರತಿವರ್ಷವೂ ಒಂದು ಪರೀಕ್ಷೆಯ ಕಾಲ ಬರುತ್ತದೆ. ಅದರ ಹೆಸರು ಗುಳೆ. ಬಿತ್ತನೆಯ ಕೆಲಸ ಮುಗಿದು, ಮಳೆ ಕೈಕೊಟ್ಟಾಗ ದೇವದುರ್ಗದ ಕಡೆಯ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಜನ ಬೆಂಗಳೂರಿಗೆ, ಪುಣೆಗೆ ಹೊರಡುತ್ತಾರೆ. ಕಟ್ಟಡದ ಕೆಲಸದ ಬಯಲಲ್ಲಿ, ತಗಡಿನ ಗುಡಿಸಲಲ್ಲಿ ಚರ್ಚಿಲ್ಲ, ಪಾದ್ರಿಯಿಲ್ಲ, ಗಂಟೆಯಿಲ್ಲ. ಗಂಟಿನಲ್ಲಿ ಜೋಳದ ಹಿಟ್ಟಿನೊಡನೆ ಒಯ್ಯಬಹುದಾದ ದೇವಾಲಯವೆಂದರೆ ಬಾಯಿಗೆ ಬರುವ ಪ್ರಾರ್ಥನೆಯೊಂದೇ. ಮುದಗಲ್ಲಿನ ಹಿರಿಯರು ಗುರುವಿಲ್ಲದ ಕಾಲದಲ್ಲಿ ಮಾಡಿದ್ದನ್ನೇ ಇವರೂ ಮಾಡುತ್ತಾರೆ.

ಜೆಸ್ವಿತರು ಈ ಶತಮಾನದ ಆರಂಭದಲ್ಲಿ ಮಾನ್ವಿಗೆ ಬಂದು ಲೊಯೊಲಾ ಹೆಸರಿನ ಶಾಲೆ ತೆರೆದರು. ಅವರ ಮೂಲಪುರುಷ ಇಗ್ನೇಷಿಯಸ್ ಲೊಯೊಲಾ ತನ್ನವರಿಗೆ ಕಲಿಸಿದ ಅಭ್ಯಾಸಗಳಲ್ಲಿ ಒಂದು, ದಿನಕ್ಕೆ ಎರಡು ಸಲ ನಿಂತು ಕಳೆದ ಹೊತ್ತನ್ನು ಹಿಂದಿರುಗಿ ನೋಡುವುದು: ಏನು ದೊರೆಯಿತು, ಎಲ್ಲಿ ತಪ್ಪಿದೆ, ಮುಂದೇನು ಎಂದು ಕೇಳಿಕೊಳ್ಳುವುದು. ಇದು ಮತದ ಗಡಿಯನ್ನು ದಾಟಿ ಯಾರಿಗೂ ಒಪ್ಪುವ ಮಾತು. ಒಬ್ಬ ಕ್ರೈಸ್ತ ಭಕ್ತನ ಬಾಳನ್ನು ಪ್ರಾರ್ಥನೆ ಬದಲಿಸುತ್ತದೆಂದರೆ ಅದು ಸಿಡಿಲಿನಂತೆ ಬಡಿದು ಬದಲಿಸುವುದು ಅಪರೂಪ. ದಿನವೂ ಅವನನ್ನು ತನ್ನೆದುರು ತಾನೇ ನಿಲ್ಲಿಸಿ, ಒಂದು ಕೂದಲೆಳೆಯಷ್ಟು ತಿರುಗಿಸುತ್ತದೆ. ವರ್ಷಗಳ ಮೇಲೆ ನೋಡಿದರೆ ಅವನು ಬೇರೆಯ ದಿಕ್ಕಿನಲ್ಲಿ ನಡೆಯುತ್ತಿರುತ್ತಾನೆ.

ರಾಯಚೂರಿನ ಕೋಟೆಯ ಕಲ್ಲುಗಳು ಅಲ್ಲಲ್ಲಿ ಸಡಿಲಿವೆ. ಅದಕ್ಕಾಗಿ ಕಾದಾಡಿದ ಮನೆತನಗಳಲ್ಲಿ ಒಂದಾದರೂ ಇಂದು ಆಳುತ್ತಿಲ್ಲ. ಆದರೆ ಸಂಜೆಯಾದೊಡನೆ ಈ ಎಡೆದೊರೆಯ ಊರುಗಳಲ್ಲಿ ದೀಪ ಹತ್ತುತ್ತದೆ. ಒಂದು ಮನೆಯಲ್ಲಿ ದಾಸರ ಪದ, ಒಂದು ಮನೆಯಲ್ಲಿ ನಮಾಜಿನ ಚಾಪೆ, ಒಂದು ಮನೆಯಲ್ಲಿ ಜಪಸರ, ಇನ್ನೊಂದರಲ್ಲಿ ಕೈಮುಗಿದು ಕಣ್ಣುಮುಚ್ಚಿದ ಮಕ್ಕಳು. ಶಾಸನದಲ್ಲಿ ಬರೆಯದ ಚರಿತ್ರೆ ಇದು. ಇದನ್ನು ಬರೆದವರು ಯಾರೂ ಇಲ್ಲ, ದಿನವೂ ಹೇಳುತ್ತಿರುವವರಿದ್ದಾರೆ.